ದೇಶಪ್ರೇಮದ ಪಾಠ ಆಗಸ್ಟ್ 15ಕ್ಕೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ಆಗಸ್ಟ್ ಸಮೀಪಿಸಿದಂತೆ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಶಾಲಾ ಮಕ್ಕಳ ಪಥಸಂಚಲನದ ತಾಲೀಮು ನಡೆಯುತ್ತದೆ. ಬ್ಯಾಂಡಿನ ಸದ್ದಿಗೆ ಹೆಜ್ಜೆ ಕೂಡಿಸುವ ಮಕ್ಕಳನ್ನು ಕಂಡರೆ, 26 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಆದರೆ ಸ್ವಾತಂತ್ರ್ಯೋತ್ಸವ ಕಳೆದ ಮರುವಾರವೇ ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಂತೂ ಮೈದಾನವನ್ನು ಕಿಟಕಿಯಿಂದ ನೋಡಬೇಕಷ್ಟೆ.

ನಾನು ಸಕಲೇಶಪುರ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ, ಕಾಫಿ ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಏಳನೇ ತರಗತಿಗೆ ಸೇರಿದಳು. ಕನ್ನಡ ಬಾರದ ಆಕೆ ತಿಂಗಳುಗಟ್ಟಲೆ ಯಾರೊಡನೆಯೂ ಬೆರೆಯಲಿಲ್ಲ. ಆಕೆಯನ್ನು ಖೋ-ಖೋ ಸಾಲಿನಲ್ಲಿ ಕೂರಿಸಿದೆ. ಒಬ್ಬರು ಪೂರ್ವಕ್ಕೆ, ಪಕ್ಕದವರು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರೂ ಎಂಟು ಮಂದಿಯೂ ಒಂದೇ ತಂಡ. ಓಡುತ್ತಿರುವವಳು ಬೆನ್ನು ತಟ್ಟಿ ‘ಖೋ’ ಎಂದರೆ ತನ್ನ ಸರದಿಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟು ಅವಳ ಜಾಗದಲ್ಲಿ ಕೂರಬೇಕು. ಆ ಹುಡುಗಿ ಕಲಿತ ಮೊದಲ ಕನ್ನಡ ವಾಕ್ಯಗಳು ಮೈದಾನದಲ್ಲಿ ಕೂಗಿದವು. ದೂರದ ರಾಜ್ಯದ ಮಗುವನ್ನು ‘ನಮ್ಮವಳು’ ಎಂದು ಉಳಿದವರು ಕರೆಯತೊಡಗಿದ ದಿನ, ದೇಶವೆಂದರೇನೆಂದು ನಾನು ಬೇರೆ ಹೇಳಿಕೊಡಬೇಕಾಗಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನೆರೆಯ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರೆಂಬುದನ್ನು ನಮ್ಮ ಎಷ್ಟು ತರಗತಿಗಳಲ್ಲಿ ಹೇಳಿದ್ದೇವೆ?

ಕವಾಯತು ಬೇಡವೆಂದು ನಾನು ಖಂಡಿತ ಹೇಳುತ್ತಿಲ್ಲ. 1923ರಲ್ಲಿ ಹಿಂದೂಸ್ತಾನಿ ಸೇವಾದಳವೆಂಬ ಸ್ವಯಂಸೇವಕರ ಪಡೆ ಕಟ್ಟಿದ ಹುಬ್ಬಳ್ಳಿಯ ನಾ.ಸು. ಹರ್ಡೀಕರರು ತರುಣರಿಗೆ ಕವಾಯತು ಕಲಿಸಿದ್ದು ಅವರನ್ನು ಸೇವೆಗೆ ಅಣಿಗೊಳಿಸಲೆಂದು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ಶಿಸ್ತು ಸಾವಿರಾರು ಜನರ ಊಟ, ವಸತಿ, ನೈರ್ಮಲ್ಯದ ಕೆಲಸಕ್ಕೆ ಒದಗಿತು. ನಮ್ಮ ಮಕ್ಕಳೂ ಪರೇಡಿನ ಜೊತೆಗೆ ಶಾಲೆಯ ಮೈದಾನದ ಕಲ್ಲು ಆರಿಸಲಿ, ಅಂಕಣಕ್ಕೆ ತಾವೇ ಸುಣ್ಣದ ಗೆರೆ ಹಾಕಲಿ, ಸೋತ ತಂಡದ ಕೈ ಕುಲುಕಲಿ.

ವೇಳಾಪಟ್ಟಿಯಲ್ಲಿರುವ ದೈಹಿಕ ಶಿಕ್ಷಣದ ಅವಧಿಯನ್ನು ಬೇರೆ ವಿಷಯಕ್ಕೆ ಬಳಸದಂತೆ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳು ನೋಡಿಕೊಳ್ಳಬೇಕು, ದೈಹಿಕ ಶಿಕ್ಷಕರಿಲ್ಲದ ಶಾಲೆಗಳಿಗೆ ಶಿಕ್ಷಕರನ್ನು ಕೊಡಬೇಕು. ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಅವರು ಯಾವುದಾದರೂ ಹಳ್ಳಿ ಶಾಲೆಗೆ ಮುನ್ಸೂಚನೆ ಕೊಡದೆ ಹೋಗಿ, ಪಿ.ಟಿ. ಪೀರಿಯಡ್ಡಿನಲ್ಲಿ ಮಕ್ಕಳು ಎಲ್ಲಿದ್ದಾರೆಂದು ನೋಡಲಿ ಎಂದು ಕಳಕಳಿಯಿಂದ ಕೋರುತ್ತೇನೆ.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ