ಡೊಳ್ಳಿಗೆ ಲ್ಯಾಪ್‌ಟಾಪ್ ಜೋಡಿಸುವ ಮುನ್ನ

ಮಾನ್ಯ ಸಂಪಾದಕರೆ,

ಜನಪದ ಬ್ಯಾಂಡೊಂದು ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ), ಡ್ರಮ್ ಮಷಿನ್ ಕಡೆ ವಾಲಿದರೆ ಸಾಕು, ಅಭಿಮಾನಿಗಳು ಎರಡು ಬಣವಾಗುತ್ತಾರೆ. ‘ಡಿಜೆ ಹಾಕಿ ಹಾಡು ಕೆಡಿಸಿದರು’ ಎಂದು ಕೆಲವರು, ‘ಕಾಲಕ್ಕೆ ತಕ್ಕ ಕೋಲ’ ಎಂದು ಉಳಿದವರು. ಕೆಟ್ಟದ್ದೇನು ಎಂದು ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಅದರಲ್ಲಿ ಬಹುಪಾಲು ಸರಿಪಡಿಸಬಹುದಾದದ್ದೇ.

ಡೊಳ್ಳಿನ ಮೇಳ ನಿಧಾನಕ್ಕೆ ಶುರುವಾಗಿ ಬರಬರುತ್ತ ಬಿರುಸಾಗುತ್ತದೆ. ಮೈ ಜುಮ್ಮೆನ್ನುವುದು ಆ ಏರಿಕೆಯಲ್ಲೇ. ಕಂಪ್ಯೂಟರಿನಲ್ಲಿ ನಿಮಿಷಕ್ಕೆ 120 ಬಡಿತ ಎಂದು ಬಿಗಿದುಬಿಟ್ಟರೆ ಏರುವುದೆಲ್ಲಿಗೆ? ಸ್ಟುಡಿಯೊದಲ್ಲಾದರೆ ಕ್ಲಿಕ್ (ತಾಳ ತೋರಿಸುವ ಟಿಕ್‌ಟಿಕ್ ಸದ್ದು) ಇಲ್ಲದೆ ಮೇಳವನ್ನು ಮೊದಲು ರೆಕಾರ್ಡ್ ಮಾಡಿ, ಅದರ ನಡೆಯನ್ನೇ ಸಾಫ್ಟ್‌ವೇರಿಗೆ ಟೆಂಪೊ ಮ್ಯಾಪ್ (ವೇಗದ ಏರಿಳಿತದ ನಕ್ಷೆ) ಆಗಿ ಕೊಡಬೇಕು. ವೇದಿಕೆಯಲ್ಲಿ, ಮರುಕಳಿಸಿ ನುಡಿಯುವ ಧ್ವನಿ ತುಣುಕುಗಳಾದ ಲೂಪ್‌ಗಳನ್ನು ತಾಳದ ಒಂದೊಂದು ಸುತ್ತಿನಷ್ಟೇ ತುಂಡು ಮಾಡಿಟ್ಟು, ಒಬ್ಬರು ಡೊಳ್ಳಿನವರ ಕೈ ನೋಡಿಕೊಂಡು ಅವನ್ನು ನುಡಿಸುವ ಪ್ಯಾಡ್ (ಗುಂಡಿ) ಒತ್ತಬೇಕು. ಲ್ಯಾಪ್‌ಟಾಪಿನ ಬಫರ್, ಅಂದರೆ ಒಮ್ಮೆಗೆ ಕೂಡಿಟ್ಟು ಕಳಿಸುವ ಧ್ವನಿ ಮಾದರಿಗಳ ಸಂಖ್ಯೆ, 1024 ಇದ್ದರೆ, ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದ 48 ಕಿಲೊಹರ್ಟ್ಜ್‌ನಲ್ಲಿ 21 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಮೂರಕ್ಕಿಂತ ಕಡಿಮೆ. ಕುಣಿಯುವವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕ್ಲಿಕ್ ಕೇಳಿಸುವ ಆಸೆ ಬೇಡ. ಎರಡು ನೆಗೆತಕ್ಕೆ ಅದು ನೆಲದ ಮೇಲಿರುತ್ತದೆ.

ಡೊಳ್ಳಿನ ಗುಡುಗು, ಕಿಕ್ ಡ್ರಮ್, ಸಿಂಥ್ ಬೇಸ್ ಮೂರೂ ತಗ್ಗು ಸ್ವರದ 100 ಹರ್ಟ್ಜ್ ಆಸುಪಾಸಿನಲ್ಲೇ ಜಾಗಕ್ಕೆ ಕಚ್ಚಾಡುತ್ತವೆ. ಸೋಲುವುದು ಡೊಳ್ಳು. ಅದು ಮೈಕಿನ ಮೂಲಕ ಬರಬೇಕು, ಮೈಕ್ ಹೆಚ್ಚು ಏರಿಸಿದರೆ ಗುಂಯ್‌ಗುಡುತ್ತದೆ. ಡೊಳ್ಳು ನುಡಿಯುವಷ್ಟು ಹೊತ್ತು ಕಿಕ್ ತೆಗೆದುಬಿಡುವುದೇ ಸುಲಭದ ದಾರಿ.

ತಮಟೆಯದು ಇನ್ನೂ ಸೂಕ್ಷ್ಮ. ಬೆಂಕಿಗೆ ಹಿಡಿದು ಕಾಯಿಸಿದಾಗ ಚರ್ಮ ಬಿಗಿದು ಸ್ವರ ಏರುತ್ತದೆ, ಇಬ್ಬನಿಗೆ ಸಡಿಲಾಗಿ ಇಳಿಯುತ್ತದೆ. ಸ್ಯಾಂಪಲ್ ಮಾಡಿಟ್ಟ (ಸದ್ದು ರೆಕಾರ್ಡ್ ಮಾಡಿಟ್ಟ) ತಮಟೆಗೆ ಚಳಿಯೂ ಇಲ್ಲ, ಬೆಂಕಿಯೂ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಎರಡೂ ಬೇರೆ ಬೇರೆ ಶ್ರುತಿಯಲ್ಲಿರುತ್ತವೆ. ಅಂದಿನ ಸ್ಯಾಂಪಲ್ ಅಂದೇ, ಅದೇ ತಮಟೆ ಕಾಯಿಸಿದ ಮೇಲೆ ತೆಗೆದುಕೊಳ್ಳಬೇಕು. ಚೌಡಿಕೆಗೆ, ಸ್ವರವನ್ನು ತಾನಾಗಿಯೇ ಶ್ರುತಿಗೆ ಎಳೆಯುವ ಆಟೊಟ್ಯೂನ್ ಹಾಕುವುದಂತೂ ಶುದ್ಧ ತಪ್ಪು. ತಂತಿ ಬಿಗಿದು ಸಡಿಲಿಸಿ ಜಾರಿಸುವ ಸ್ವರವನ್ನು ಅದು ಮೆಟ್ಟಿಲು ಮಾಡಿಡುತ್ತದೆ.

1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಸಭೆಯಲ್ಲಿ ಗದ್ದಲವೆದ್ದಿತು. ತಮಗೆ ಸಿಟ್ಟು ಬಂದದ್ದು ಗಿಟಾರಿನ ಮೇಲಲ್ಲ, ಧ್ವನಿ ಒಡೆದು ಹಾಡಿನ ಮಾತೇ ಕೇಳಿಸದ್ದಕ್ಕೆ ಎಂದು ಅಲ್ಲಿದ್ದ ಹಿರಿಯ ಜನಪದ ಗಾಯಕ ಪೀಟ್ ಸೀಗರ್ ಆಮೇಲೆ ಹೇಳಿದರು. ನಮ್ಮಲ್ಲೂ ಶರೀಫರ ತತ್ವಪದಕ್ಕೆ ಬಂದವರು ಮಾತಿಗಾಗಿ ಬಂದವರು. ವ್ಯಂಜನಗಳು ಸ್ಪಷ್ಟವಾಗುವುದು 2ರಿಂದ 4 ಕಿಲೊಹರ್ಟ್ಜ್ ನಡುವೆ. ಸಿಂಥ್ ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಸ್ವರ, ಹರಡಿ ಕೂರುವುದೂ ಅಲ್ಲೇ. ಹಾಡು ನಡೆವಾಗ ಪ್ಯಾಡನ್ನು ಆ ಜಾಗದಲ್ಲಿ ನಾಲ್ಕು ಡೆಸಿಬೆಲ್ ತಗ್ಗಿಸಿ, ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಮತ್ತೆ ಏರಿಸಿ ನೋಡಲಿ.

– ಇಬ್ಬರು ಧ್ವನಿ ತಂತ್ರಜ್ಞರು, ಹುಬ್ಬಳ್ಳಿ