ತಾತನ ಟ್ರಂಕು ಗುಜರಿಗೆ ಹಾಕಬೇಡಿ

ಹೋಟನ್, ಮಿಷಿಗನ್, ಅಮೆರಿಕ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಯುಗಾದಿ ಹತ್ತಿರ ಬಂದರೂ ಇಲ್ಲಿ ಹಿಮ ಕರಗಿಲ್ಲ. ಮೊನ್ನೆ ಫೋನಿನಲ್ಲಿ ನೀವು, ‘ಗಣಿ ವಿಷಯ ಓದೋಕೆ ಅಷ್ಟು ದೂರ ಹೋಗಿ ಹಳೇ ಕಾಗದ ಸ್ಕ್ಯಾನ್ ಮಾಡ್ತಾ ಕೂತಿದೀಯಲ್ಲ, ಇದೆಂಥ ಓದಮ್ಮ?’ ಅಂದಿರಿ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸೋಕಾಗಲ್ಲ ಅಂತ ಈ ಕಾಗದ. ಅಮ್ಮನಿಗೂ ಅಜ್ಜಿಗೂ ಓದಿ ಹೇಳಿ.

ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರೋ ಕೀವಿನಾ ಅನ್ನೋ ನೆಲದಲ್ಲಿ ಈ ಊರಿದೆ. ಇಲ್ಲಿ ಬಂಡೆಯೊಳಗೆ ಶುದ್ಧ ತಾಮ್ರವೇ ಸಿಗುತ್ತಿತ್ತು. ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ತೆಗೆದು ಬಳಸುತ್ತಿದ್ದರು. 1840ರ ದಶಕದಲ್ಲಿ ಕಂಪನಿಗಳು ಬಂದವು. ನಮ್ಮ ವಿಶ್ವವಿದ್ಯಾಲಯ ಮಿಷಿಗನ್ ಟೆಕ್ ಕೂಡ 1885ರಲ್ಲಿ ಗಣಿ ಶಾಲೆಯಾಗಿಯೇ ಶುರುವಾಗಿದ್ದು. ಇಲ್ಲಿನ ದೊಡ್ಡ ಕಂಪನಿ ಕ್ಯಾಲುಮೆಟ್ ಅಂಡ್ ಹೆಕ್ಲಾದ ಗಣಿಗಳು 1968ರ ಮುಷ್ಕರದಲ್ಲಿ ನಿಂತವು, ಮತ್ತೆ ಏಳಲಿಲ್ಲ. ಗಣಿ ಹೋಯಿತು, ಕಾಗದ ಉಳಿಯಿತು. ಆ ಕಾಗದವೆಲ್ಲ ಈಗ ನಮ್ಮ ಲೈಬ್ರರಿಯಲ್ಲಿದೆ.

ನನ್ನ ಮೇಜಿನ ಮೇಲೆ ಈಗಿರೋದು ಇಲ್ಲಿನ ಇನ್ನೊಂದು ತಾಮ್ರದ ಗಣಿ ಕ್ವಿನ್ಸಿಯ ಆಫೀಸಿನ ಪತ್ರಗಳ ನಕಲು ಪುಸ್ತಕ. ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಹಿಂದಿನ ಪುಟದ ಶಾಯಿಯೂ ಮುಂದಕ್ಕೆ ಕಾಣುತ್ತೆ. ಪ್ರತಿ ಹಾಳೆಯ ಹಿಂದೆ ಒಂದು ಬಿಳಿ ಕಾಗದ ಇಟ್ಟು, ಉಸಿರು ಬಿಗಿಹಿಡಿದು ಸ್ಕ್ಯಾನ್ ಮಾಡಬೇಕು. ಆಮೇಲೆ ಯಾರು ಯಾರಿಗೆ ಬರೆದರು, ಯಾವತ್ತು, ಯಾವ ಶಾಫ್ಟಿನ (ಗಣಿಗೆ ಇಳಿಯುವ ಬಾವಿಯ) ಬಗ್ಗೆ ಅಂತ ಕಂಪ್ಯೂಟರಿಗೆ ತುಂಬಬೇಕು. ಅಷ್ಟು ಮಾಡದಿದ್ದರೆ ಸ್ಕ್ಯಾನ್ ಮಾಡಿದ್ದೂ ಒಂದೇ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಒಂದೇ. ಹುಡುಕಿದವರ ಕೈಗೆ ಸಿಕ್ಕರೆ ತಾನೇ ಅದು ದಾಖಲೆ?

ಇಲ್ಲಿನ ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳು ಸೇರಿ ಇದನ್ನೆಲ್ಲ ನಕ್ಷೆಗೇ ಜೋಡಿಸಿದ್ದಾರೆ. ಅದಕ್ಕೆ ಕೀವಿನಾ ಟೈಮ್ ಟ್ರಾವೆಲರ್ ಅಂತ ಹೆಸರು. ಬೆಂಕಿ ವಿಮೆಯವರಿಗಾಗಿ ಆ ಕಾಲದಲ್ಲಿ ಬರೆದ ಬೀದಿ ನಕ್ಷೆಗಳಲ್ಲಿ ಮರದ ಮನೆಗೆ ಹಳದಿ, ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ. ಆ ಮನೆಗಳ ಮೇಲೆ ಜನಗಣತಿಯ ಹೆಸರು, ಶಾಲೆಯ ದಾಖಲೆ, ಊರಿನ ಡೈರೆಕ್ಟರಿ ಎಲ್ಲ ಕೂರಿಸಿದ್ದಾರೆ. ಒಂದು ಹಳದಿ ಚೌಕ ಒತ್ತಿದರೆ ಆ ಮನೆಯಲ್ಲಿ ಯಾರಿದ್ದರು, ಯಾವ ದೇಶದಿಂದ ಬಂದವರು, ಏನು ಕೆಲಸ ಅಂತ ಕಾಣುತ್ತೆ. ಊರಿನವರೂ ಮನೆಯಲ್ಲೇ ಕೂತು ತಮಗೆ ಗೊತ್ತಿರೋದನ್ನ ಸೇರಿಸಬಹುದು. ನನಗೆ ಇದರಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಇದರ ಬೆಲೆ ನನಗೆ ತಿಳಿದದ್ದು 1913ರ ಕಾಗದಗಳನ್ನು ನೋಡುವಾಗ. ಆ ವರ್ಷ ಜುಲೈನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಇಬ್ಬರು ಹಿಡಿಯುತ್ತಿದ್ದ ಡ್ರಿಲ್ ಜಾಗಕ್ಕೆ ಕಂಪನಿ ಒಬ್ಬನೇ ಹಿಡಿಯುವ ಡ್ರಿಲ್ ತಂದಿತ್ತು. ಕತ್ತಲಲ್ಲಿ ಒಬ್ಬನೇ ಇರುವಾಗ ಬಂಡೆ ಬಿದ್ದರೆ ಕೂಗಿ ಹೇಳೋರೂ ಇಲ್ಲ ಅನ್ನೋದು ಅವರ ಭಯ. ಡಿಸೆಂಬರ್ 24ರಂದು ಕ್ಯಾಲುಮೆಟ್‌ನ ಇಟಾಲಿಯನ್ ಹಾಲ್‌ನ ಮಹಡಿಯಲ್ಲಿ ಮುಷ್ಕರನಿರತರ ಮಕ್ಕಳಿಗೆ ಕ್ರಿಸ್‌ಮಸ್ ಕೂಟ. ಯಾರೋ ‘ಬೆಂಕಿ’ ಅಂತ ಕೂಗಿದರು. ಬೆಂಕಿ ಇರಲೇ ಇಲ್ಲ. ಮೆಟ್ಟಿಲಿನ ನೂಕುನುಗ್ಗಲಲ್ಲಿ 73 ಜನ ಸತ್ತರು. ಅವರಲ್ಲಿ 59 ಮಕ್ಕಳು. ಕೂಗಿದವರು ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಸತ್ತವರಲ್ಲಿ ಹೆಚ್ಚಿನವರು ಫಿನ್ಲೆಂಡಿನಿಂದ ಬಂದ ಮನೆಯವರು. ಅವರ ಹೆಸರನ್ನ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ಒಂದು ಮಗುವಿನ ಹೆಸರನ್ನ ಪಟ್ಟಿಯಿಂದ ಜನಗಣತಿಗೆ, ಅಲ್ಲಿಂದ ಒಂದು ಮನೆಗೆ ತಂದು ಮುಟ್ಟಿಸಿದಾಗ ನನಗೆ ಅಳು ತಡೆಯೋಕಾಗಲಿಲ್ಲ ಅಪ್ಪ.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ.

ಕ್ವಿನ್ಸಿ ಗಣಿಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಏರ್ ಬ್ಲಾಸ್ಟ್ ಶುರುವಾಯಿತು. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆಯ ಭಾರ ಹೆಚ್ಚು. ಅದನ್ನ ಹೊರೋಕೆ ಬಿಟ್ಟಿದ್ದ ಕಂಬಗಳು ಸಾಲದೆ ಪುಡಿಯಾಗಿ ಮೇಲಿನ ಬಂಡೆ ಕುಸಿದರೆ ಒಳಗಿನ ಗಾಳಿ ಸಿಡಿದು ನುಗ್ಗುತ್ತಿತ್ತು. ಮೇಲೆ ಊರಿನಲ್ಲಿ ಮನೆಗಳು ನಡುಗುತ್ತಿದ್ದವು. ಇದನ್ನ ಓದುವಾಗ ನನಗೆ ಅಜ್ಜಿಯ ಮಾತೇ ಕೇಳಿದ ಹಾಗಾಯಿತು. ತಾತ ಕೆಲಸ ಮಾಡುತ್ತಿದ್ದ ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ, ರಾತ್ರಿ ಗೂಡಿನ ಪಾತ್ರೆ ಗಲಗಲ ಅಂದರೆ ಹೆಂಗಸರೆಲ್ಲ ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡ್ತಾ ನಿಲ್ಲುತ್ತಿದ್ದರಂತಲ್ಲ? ಅಲ್ಲೂ ಅದಕ್ಕೆ ಏರ್ ಬ್ಲಾಸ್ಟ್ ಅಂತಲೇ ಅನ್ನುತ್ತಿದ್ದರು. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಗಣಿ ಅದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ಗಣಿಯವರು ಕೀವಿನಾಕ್ಕೂ ಬಂದರು, ಕೋಲಾರಕ್ಕೂ ಹೋದರು. ಅವರು ತಂದ ಪಾಸ್ಟಿ ಅನ್ನೋ ತಿಂಡಿಯನ್ನ ಇಲ್ಲಿ ಇವತ್ತೂ ಮಾರುತ್ತಾರೆ.

ಕ್ವಿನ್ಸಿಯಲ್ಲೂ ಕೆಜಿಎಫ್‌ನಲ್ಲೂ ಏರ್ ಬ್ಲಾಸ್ಟ್ ಆದಾಗ ಕಂಪನಿ ಏನು ಬರೆದುಕೊಂಡಿತು, ಮನೆಯವರು ಏನು ನೆನಪಿಟ್ಟುಕೊಂಡರು ಅನ್ನೋದೇ ನನ್ನ ಸಂಶೋಧನೆಯ ವಿಷಯ. ಗೈಡ್ ಒಪ್ಪಿದ್ದಾರೆ. ಕಂಪನಿಯ ಕಾಗದದಲ್ಲಿ ಎಷ್ಟು ಟನ್ ಬಂತು, ಗಣಿಯೊಳಗಿನ ಯಾವ ಲೆವೆಲ್ (ಹಂತ) ಮುಚ್ಚಿತು ಅನ್ನೋದು ಸಿಗುತ್ತೆ. ಬಾಗಿಲಲ್ಲಿ ನಿಂತ ಹೆಂಗಸರು ಅದರಲ್ಲಿ ಇಲ್ಲ. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಒಳಗೆ ಇಳಿದವರು, ಅವರಿಗಾಗಿ ಕಾದವರು ಇನ್ನೂ ನಮ್ಮ ನಡುವೆ ಇದ್ದಾರೆ. 1913ರ ಬಗ್ಗೆ ಕೇಳೋಣ ಅಂದರೆ ಇಲ್ಲಿ ಯಾರೂ ಉಳಿದಿಲ್ಲ. ನಮಗೆ ಇನ್ನೂ ಹೊತ್ತು ಮೀರಿಲ್ಲ.

ಹಬ್ಬಕ್ಕೆ ಮನೆ ತೊಳೆಯುವಾಗ ಅಟ್ಟದ ಮೇಲಿನ ತಾತನ ಟ್ರಂಕನ್ನ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರಲ್ಲಿ ಸಂಬಳದ ಚೀಟಿ, ಯೂನಿಯನ್ ರಸೀದಿ, ನಂಬರಿರೋ ಹಿತ್ತಾಳೆ ಬಿಲ್ಲೆ, ಗಣಿಯೊಳಗೆ ಮರದ ಆಸರೆ ಕೊಡುತ್ತಿದ್ದ ಟಿಂಬರ್ ಸೆಕ್ಷನ್ನಿನವರ ಗುಂಪಿನ ಫೋಟೊ ಇರಬೇಕು. ಒಂದನ್ನೂ ಲ್ಯಾಮಿನೇಷನ್ ಮಾಡಿಸಬೇಡಿ, ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ಇದ್ದರೆ ಮೆಲ್ಲಗೆ ತೆಗೆಯಿರಿ. ಬಿಲ್ಲೆಯನ್ನ ಅಮ್ಮ ಹುಣಸೆಹಣ್ಣು ಹಾಕಿ ಬೆಳಗದೆ ಇರಲಿ, ಸವೆದ ನಂಬರು ಇನ್ನೂ ಅಳಿಸಿಹೋಗುತ್ತೆ. ಕಿಟಕಿ ಹತ್ತಿರದ ಬೆಳಕಲ್ಲಿ, ಫ್ಲ್ಯಾಷ್ ಇಲ್ಲದೆ, ಎರಡೂ ಬದಿಯ ಫೋಟೊ ತೆಗೆದು ಕಳಿಸೋಕೆ ತಮ್ಮನಿಗೆ ಹೇಳಿ.

ಆ ಗುಂಪಿನ ಫೋಟೊ ಅಜ್ಜಿಯ ಕೈಗೆ ಕೊಟ್ಟು, ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿ, ಒಬ್ಬೊಬ್ಬರ ಹೆಸರೂ ಕೇಳಲಿ. ಯಾವ ಲೈನು, ಯಾವ ಊರಿಂದ ಬಂದವರು, ಅಪಘಾತವಾದರೆ ಸುದ್ದಿ ತರುತ್ತಿದ್ದವರು ಯಾರು, ಆ ರಾತ್ರಿ ಯಾರ ಮನೆಯಲ್ಲಿ ಒಲೆ ಹಚ್ಚುತ್ತಿದ್ದರು. ಅಜ್ಜಿಗೆ ಆಯಾಸವಾದರೆ ಅಲ್ಲಿಗೇ ನಿಲ್ಲಿಸಲಿ, ಇನ್ನೊಂದು ದಿನ ಕೇಳಬಹುದು. ಹೇಳೋಕೆ ಇಷ್ಟವಿಲ್ಲದ್ದನ್ನ ಕೆದಕೋದು ಬೇಡ.

ಜೂನ್‌ನಲ್ಲಿ ಬರ್ತೀನಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ನನ್ನನ್ನ ಕರ್ಕೊಂಡು ಹೋಗಿ. ತಾತನ ಜೊತೆ ಶಿಫ್ಟಿಗೆ ಇಳಿಯುತ್ತಿದ್ದ ಆ ಹಿರಿಯರು ಇನ್ನೂ ಲೈನ್ ಮನೆಯಲ್ಲೇ ಇದ್ದಾರಾ, ವಿಚಾರಿಸಿ. ಮಾತಾಡೋಕೆ ಒಪ್ಪಿದರೆ ತಮಿಳಿನಲ್ಲೇ ಮಾತಾಡಲಿ, ನಾನು ಹಾಗೇ ಬರೆದುಕೊಳ್ತೀನಿ.

ನಿಮ್ಮ ಪ್ರೀತಿಯ ಮಗಳು