ಪಾಲಕ್ಕಾಡ್ ವಿಭಾಗದ ರೈಲ್ವೆ ಕೆಲಸದ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಸೈನ್ಯದಿಂದ ಬೇಗ ನಿವೃತ್ತಿಯಾಗಿ ಬಂದವರಿಗೆ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ, ಉಪ್ಪಳ ಕಡೆ ಸಿಗುವ ಸಲಹೆ ಎರಡೇ. ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗು, ಇಲ್ಲಾಂದ್ರೆ ಗಲ್ಫಿಗೆ ಹೋಗು. ನನಗೂ ಅದನ್ನೇ ಹೇಳಿದರು. ನಾನು ಯೋಚಿಸುತ್ತಿರುವುದು ರೈಲ್ವೆ ಬಗ್ಗೆ.

ವಯಸ್ಸು ನಲವತ್ತು ದಾಟಿತಲ್ಲ, ಇನ್ನೆಲ್ಲಿ ರೈಲ್ವೆ ಅಂತ ನಗುವವರೇ ಜಾಸ್ತಿ. ಆದರೆ ಮಾಜಿ ಸೈನಿಕರಿಗೆ ಲೆವೆಲ್ 1, ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಹುದ್ದೆಗಳಲ್ಲಿ ಶೇ 20, ಅದರ ಮೇಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10 ಮೀಸಲಾತಿ ಇದೆ. ವಯಸ್ಸಿನ ಲೆಕ್ಕವೂ ಬೇರೆ. ಸೈನ್ಯದಲ್ಲಿ ಸೇವೆ ಮಾಡಿದ ವರ್ಷಗಳನ್ನು ಕಳೆದ ಮೇಲೆ ಉಳಿಯುವ ವಯಸ್ಸು, ಗರಿಷ್ಠ ಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರಬಾರದು, ಅಷ್ಟೇ. 42 ವರ್ಷದವನು 17 ವರ್ಷ ಸೇವೆ ಮಾಡಿದ್ದರೆ ರೈಲ್ವೆ ಲೆಕ್ಕದಲ್ಲಿ ಅವನಿಗೆ 25! ಹವಾಲ್ದಾರ್, ನಾಯಕ್ ಆಗಿ ಬಂದವರ ಪಿಂಚಣಿಯನ್ನು ಹೊಸ ಸಂಬಳದಲ್ಲಿ ಮುರಿಯುವುದೂ ಇಲ್ಲ.

ತೊಂದರೆ ಇರುವುದು ಸುದ್ದಿಯಲ್ಲಿ. ಕನ್ನಡ ಪತ್ರಿಕೆಗಳಲ್ಲಿ ರೈಲ್ವೆ ನೇಮಕಾತಿ ಅಂದರೆ ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿ, ನೈರುತ್ಯ ರೈಲ್ವೆ, ಹುಬ್ಬಳ್ಳಿ. ಆದರೆ ಕಾಸರಗೋಡಿನ ಹಳಿಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಅಷ್ಟೇಕೆ, ಕರ್ನಾಟಕದೊಳಗೇ ಇರುವ ಮಂಗಳೂರು ಸೆಂಟ್ರಲ್ ಕೂಡ ಅದೇ ವಿಭಾಗದ್ದು. ಒಂದು ಅಧಿಸೂಚನೆಗೆ ಒಂದೇ ಮಂಡಳಿಗೆ ಅರ್ಜಿ ಹಾಕಬೇಕು, ಎರಡು ಕಡೆ ಹಾಕಿದರೆ ಎರಡೂ ತಿರಸ್ಕಾರ. ಪತ್ರಿಕೆ ನೋಡಿ ಬೆಂಗಳೂರಿಗೆ ಅರ್ಜಿ ಹಾಕಿದ ನಮ್ಮೂರಿನವನು ಬಳ್ಳಾರಿ ಕಡೆ ಹಳಿ ಕಾಯಬೇಕಾಗಬಹುದು. ಸೈನ್ಯದಲ್ಲಿದ್ದಾಗ ಊರಿಂದ ದೂರ ಇದ್ದದ್ದು ಸಾಲದಾ? ದಕ್ಷಿಣ ರೈಲ್ವೆಗೆ ಹಾಕಿದರೂ ಮನೆ ಹತ್ತಿರವೇ ಸಿಗುತ್ತದೆ ಅಂತೇನಿಲ್ಲ, ತಮಿಳುನಾಡಿಗೂ ಹಾಕಬಹುದು. ಆದರೂ ಊರಿಗೆ ಬರುವ ದಾರಿ ಇರುವುದು ಆ ಕಡೆಯಿಂದಲೇ. ಚೆನ್ನೈ, ತಿರುವನಂತಪುರ ಮಂಡಳಿ ಅಂದರೆ ಮಲಯಾಳದಲ್ಲೋ ತಮಿಳಿನಲ್ಲೋ ಬರೆಯಬೇಕು ಅಂತ ನಮ್ಮ ಹುಡುಗರು ಸುಮ್ನೆ ಹೆದರುತ್ತಾರೆ. ಕಂಪ್ಯೂಟರ್ ಪರೀಕ್ಷೆಗೆ ಇರುವ 15 ಭಾಷೆಗಳಲ್ಲಿ ಕನ್ನಡವೂ ಇದೆ.

ಕೆಲಸ ಹಗುರ ಅಂತ ಯಾರೂ ತಿಳಿಯಬೇಡಿ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ, ರೈಲಿಗೆ ದೀಪ ತೋರಿಸುವ ಪಾಯಿಂಟ್ಸ್‌ಮನ್ ಕೆಲಸವನ್ನೇ ನೋಡಿ. ಜೂನ್ ತಿಂಗಳ ಮಳೆ, ನಡುರಾತ್ರಿ, ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್. ಹಸಿರು ದೀಪ ಹಿಡಿದು ನಿಂತು, ಬೋಗಿಯ ಕೆಳಗೆ ಏನಾದರೂ ಜೋತಾಡುತ್ತಿದೆಯಾ, ಚಕ್ರದ ಹತ್ತಿರ ಹೊಗೆ ಬರುತ್ತಿದೆಯಾ ಅಂತ ನೋಡಬೇಕು. ಕೊನೆಯ ಬೋಗಿಯ ಹಿಂದಿನ ಕೆಂಪು ದೀಪ ಕಂಡ ಮೇಲೆಯೇ ರೈಲು ಪೂರ್ತಿ ಹೋಯಿತು ಅಂತ ಲೆಕ್ಕ. ಅದು ಕಾಣದಿದ್ದರೆ ಒಂದೆರಡು ಬೋಗಿ ಕಳಚಿ ಹಿಂದೆಯೇ ಉಳಿದಿರಬಹುದು. ಕಾವಲು ನಿಂತು ಅಭ್ಯಾಸ ಇರುವವರಿಗೆ ಇದು ಹೊಸತಲ್ಲ. ಕಷ್ಟ ಬೇರೆ ಕಡೆ ಇದೆ. ಮೂಲ ವೇತನ 18,000 ರೂಪಾಯಿಯಿಂದ ಶುರು, ಇಪ್ಪತ್ತೈದರ ಸ್ಟೇಷನ್ ಮಾಸ್ಟರ್ ಹೇಳಿದ್ದನ್ನು ನಲವತ್ತೆರಡರ ಹವಾಲ್ದಾರ್ ಕೇಳಬೇಕು. ನನ್ನ ಹೆಂಡತಿಗಂತೂ ಮತ್ತೆ ರಾತ್ರಿ ಪಾಳಿ ಅಂದರೆ ಆಗುವುದಿಲ್ಲ. ಅದೂ ನ್ಯಾಯವೇ ಅಲ್ವಾ, ಮನೆಯ ಮಾತು ಇನ್ನೂ ಮುಗಿದಿಲ್ಲ.

ಇನ್ನೊಂದು ವಿಷಯ. ರಸ್ತೆ ಹಳಿ ದಾಟುವಲ್ಲಿ ಗೇಟು ಕಾಯುವ ಗೇಟ್‌ಮನ್ ಕೆಲಸಕ್ಕೆ ಮಾಜಿ ಸೈನಿಕರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುವುದುಂಟು. ಮೇಲ್ಸೇತುವೆ ಆದಲ್ಲೆಲ್ಲ ಗೇಟು ಮುಚ್ಚುತ್ತದೆ, ಗುತ್ತಿಗೆಯವನು ಮನೆಗೆ. ಖಾಯಂ ಹುದ್ದೆ ಯಾವುದು, ಗುತ್ತಿಗೆ ಯಾವುದು ಅಂತ ನಿಮ್ಮ ಉದ್ಯೋಗ ಪುಟದಲ್ಲಿ ಬಿಡಿಸಿ ಬರೆದರೆ ಒಳ್ಳೆಯದು. ಕಾಸರಗೋಡು ಆವೃತ್ತಿಯಲ್ಲಾದರೂ ಚೆನ್ನೈ, ತಿರುವನಂತಪುರ ಮಂಡಳಿಗಳ ಪ್ರಕಟಣೆ ಹಾಕಿ. ಅದೂ ಅರ್ಜಿಯ ಕೊನೆ ದಿನಕ್ಕೆ ಎರಡು ವಾರ ಮೊದಲೇ ಹಾಕಿ, ಯಾಕೆಂದರೆ ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಪುಸ್ತಕ, ಪ್ರಮಾಣಪತ್ರ ಎಲ್ಲ ಜೋಡಿಸಿಕೊಳ್ಳಲು ಅಷ್ಟು ದಿನ ಬೇಕೇ ಬೇಕು.

ಇತಿ,
ಒಬ್ಬ ಮಾಜಿ ಸೈನಿಕ, ಮಂಜೇಶ್ವರ